ಉಪ್ಪಾದ ಬಾವಿ ನೀರು ಮತ್ತು ಹೂಗಿಡಗಳು: ಎಲೆಗಳ ಮೇಲಿನ ಸಿಂಪರಣೆ ಎಷ್ಟರ ಮಟ್ಟಿಗೆ ಸಹಾಯಕ?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಇಷ್ಟು ಮಳೆಯಾಗುವ ಸೀಮೆಯಲ್ಲಿ ನೀರಿನ ಉಪ್ಪಿನಿಂದ ಹೂಗಿಡಗಳು ಕೆಡುತ್ತವೆಂದರೆ ಘಟ್ಟದ ಮೇಲಿನವರಿಗೆ ನಂಬುವುದು ಕಷ್ಟ. ಆದರೆ ಬೈಂದೂರು ತಾಲ್ಲೂಕಿನ ಯಡ್ತರೆಯಿಂದ ತೆಂಕಕ್ಕೆ ಮರವಂತೆಯವರೆಗೆ, ಕಡಲಿಗೂ ಹೊಳೆಗಳ ಅಳಿವೆಗೂ ಹತ್ತಿರದಲ್ಲಿ ಬೇಸಾಯ ಮಾಡುವವರಿಗೆ ಇದು ಹೊಸ ಮಾತಲ್ಲ. ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಕಡಲು ಸೇರುತ್ತದೆ. ಫೆಬ್ರವರಿಯ ಹೊತ್ತಿಗೆ ಹೊಳೆಯಲ್ಲಿ ಮೇಲಿನಿಂದ ಬರುವ ನೀರು ಕ್ಷೀಣಿಸಿ, ಭರತದ ನೀರು ಒಳನಾಡಿಗೆ ಏರುತ್ತದೆ. ದಂಡೆಯ ಬಾವಿಗಳ ನೀರು ಮೊದಲು ಚಪ್ಪೆ, ಆಮೇಲೆ ಉಪ್ಪು. ಮಲ್ಲಿಗೆ ಹೂ ಬಿಡುವ ಕಾಲವೂ ಅದೇ ಆಗಿರುವುದು ಬೇಸಾಯಗಾರರ ಕಷ್ಟಕ್ಕೆ ಕಾರಣ.

ಇತ್ತೀಚಿನ ವರ್ಷಗಳಲ್ಲಿ ಈ ಕಡೆಗೆ ಹೋದಾಗಲೆಲ್ಲ ಬೇಸಾಯಗಾರರು ಕೇಳುವ ಪ್ರಶ್ನೆ ಒಂದೇ: “ಸಾರ್, ಬಾಯಿ ನೀರ್ ಉಪ್ಪಾಯ್ತ್, ಎಲಿಗ್ ಎಂತಾರೂ ಹೊಡುಕ್ ಆತ್ತಾ?” ಎಲೆಗೆ ಹೊಡೆಯಲು ಅಂಗಡಿಗಳಲ್ಲಿ ಹತ್ತಾರು ಬಗೆಯ ಬಾಟಲಿಗಳು ಸಿಗುತ್ತವೆ, ಎಲ್ಲದರ ಮೇಲೂ ಉಪ್ಪನ್ನು ಗೆಲ್ಲುವ ಮಾತು ಇರುತ್ತದೆ. ಸಿಂಪರಣೆಯಿಂದ ಉಪಕಾರ ಉಂಟು. ಆದರೆ ಅದು ಎಷ್ಟು, ಯಾವಾಗ, ಯಾವ ನೀರಿನಲ್ಲಿ ಎಂಬುದನ್ನು ತಿಳಿಯದೆ ಹೊಡೆದರೆ ಹಣವೂ ಹೋದೀತು, ಎಲೆಯೂ ಸುಟ್ಟೀತು.

ಬಾವಿಗೆ ಉಪ್ಪು ಬರುವ ಬಗೆ

ಕಡಲಂಚಿನ ನೆಲದಡಿಯಲ್ಲಿ ಮಳೆಯ ಸಿಹಿ ನೀರು ಕಡಲಿನ ಉಪ್ಪು ನೀರಿನ ಮೇಲೆ ತೇಲಿಕೊಂಡಿರುತ್ತದೆ. ಉಪ್ಪು ನೀರು ಹೆಚ್ಚು ತೂಕವುಳ್ಳದ್ದಾದ್ದರಿಂದ ಅದು ಕೆಳಗೆ, ಸಿಹಿ ನೀರು ಮೇಲೆ. ಹಾಲೆಂಡಿನ ಬದೋನ್ ಗೈಬೆನ್ 1888ರ ಸುಮಾರಿಗೂ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲೂ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕದಂತೆ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿ ನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿ ನೀರೇ ಇರುತ್ತದೆ. ಇದರ ಮಗ್ಗುಲಿನ ಅರ್ಥವನ್ನೂ ಗಮನಿಸಬೇಕು. ಪಂಪು ಹಾಕಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿ ಹಾಗೆಯೇ ಇರಗೊಟ್ಟರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪು ನೀರು 40 ಅಡಿ ಮೇಲಕ್ಕೆ ಬರಲು ದಾರಿ ಮಾಡಿಕೊಟ್ಟಂತೆ. ನೆಲ ಎಲ್ಲೆಡೆ ಒಂದೇ ಸಮನಾಗಿಲ್ಲ. ಜಂಬಿಟ್ಟಿಗೆ, ಮರಳು, ಜೇಡಿಗಳ ಪದರಗಳಿರುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂಡಿಬರುವುದಿಲ್ಲ. ಆದರೂ ಕಡಲಂಚಿನಲ್ಲಿ ಆಳದ ಕೊಳವೆ ಬಾವಿ ಏಕೆ ಬೇಡವೆಂಬುದಕ್ಕೆ ಈ ಒಂದು ಲೆಕ್ಕ ಸಾಕು. ತೆರೆದ ಬಾವಿಯಿಂದ ದಿನಕ್ಕೆ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪವೇ ನೀರೆತ್ತುವುದು, ಒಂದೇ ಸಲ ತಳ ಕಾಣುವವರೆಗೆ ಎತ್ತುವುದಕ್ಕಿಂತ ಎಷ್ಟೋ ಮೇಲು.

ನೀರಿನ ಉಪ್ಪನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಇದರ ಅಳತೆಗೆ ಈಗ ಡೆಸಿಸೀಮನ್ಸ್ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಮಿಲಿಮ್ಹೋ ಎಂದಿರುವುದೂ ಇದೇ. ಒಂದು ಡೆಸಿಸೀಮನ್ಸ್ ಎಂದರೆ ಒಂದು ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಲವಣ. ಕಡಲ ನೀರು ಸುಮಾರು 50. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವಿಂಗಡಣೆಯಂತೆ 0.7ಕ್ಕಿಂತ ಕಡಿಮೆಯ ನೀರು ಎಲ್ಲ ಬೆಳೆಗಳಿಗೂ ಯೋಗ್ಯ, 0.7ರಿಂದ 3ರವರೆಗೆ ಎಚ್ಚರದಿಂದ ಬಳಸತಕ್ಕದ್ದು. 3 ದಾಟಿದರೆ ತೊಂದರೆ ತೀವ್ರ. ಅರ್ಧ ಲೀಟರ್ ನೀರನ್ನು ಸ್ವಚ್ಛವಾದ ಬಾಟಲಿಯಲ್ಲಿ ಹಿಡಿದು ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರಕ್ಕೆ ಕೊಟ್ಟರೆ ಅಳೆದು ತಿಳಿಸುತ್ತಾರೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ವಿಚಾರಿಸಬಹುದು. ಒಂದೇ ಸಲ ಪರೀಕ್ಷಿಸಿ ಸುಮ್ಮನಾಗಬಾರದು. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ನೋಡಿದರೆ ಮಾತ್ರ ಬಾವಿಯ ಗುಣ ತಿಳಿಯುತ್ತದೆ.

ಬಾಯಲ್ಲಿ ಹಾಕಿ ರುಚಿ ನೋಡುವ ಪದ್ಧತಿ ನಮ್ಮಲ್ಲಿ ಉಂಟು. ಇದನ್ನು ನಂಬುವಂತಿಲ್ಲ. ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಲೋರೈಡ್ ಇದ್ದರೆ ನಮ್ಮ ನಾಲಿಗೆಗೆ ಉಪ್ಪೆಂದು ತಿಳಿಯುತ್ತದೆ. ಆದರೆ ನೀರನ್ನು ಎಲೆಗಳ ಮೇಲೆಯೇ ಚಿಮುಕಿಸುವುದಾದರೆ, ಸೂಕ್ಷ್ಮ ಜಾತಿಯ ಗಿಡಗಳಿಗೆ ಲೀಟರಿಗೆ 105 ಮಿಲಿಗ್ರಾಂ ದಾಟಿದೊಡನೆ ಹಾನಿ ಶುರುವಾಗಬಹುದು. ಕಡಲ ನೀರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಎಂದರೆ 180 ಕೊಡ ಸಿಹಿ ನೀರಿಗೆ ಒಂದು ಕೊಡ ಕಡಲ ನೀರು ಬೆರೆತರೂ ಈ ಮಿತಿ ಮುಟ್ಟಿತು. ಕುಡಿಯಲು ಏನೂ ತೋರದ ಬಾವಿ ನೀರನ್ನು ಪೈಪಿನಿಂದ ಗಿಡದ ತಲೆಯ ಮೇಲೆ ಹಾಯಿಸಿ, ಹದಿನೈದು ದಿನದಲ್ಲಿ ಎಲೆಯಂಚು ಕಂದಿತೆಂದು ರೋಗದ ಔಷಧಿ ತರುವವರಿದ್ದಾರೆ. ಉಪ್ಪಿನ ಶಂಕೆ ಇರುವ ಬಾವಿಯ ನೀರನ್ನು ಬುಡಕ್ಕೆ ಮಾತ್ರ ಹಾಕಬೇಕು. ಎಲೆಯನ್ನು ನೆನೆಸಲೇಬಾರದು. ಈ ಲೇಖನದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೂ ಇಷ್ಟು ಉಳಿದರೆ ಸಾಕು.

ಗಿಡಕ್ಕೆ ಆಗುವ ಮೂರು ಬಗೆಯ ಕೆಡುಕು

ಮೊದಲನೆಯದು, ಬಾಯಾರಿಕೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರಿಗೆ ಆ ನೀರನ್ನು ಎಳೆದುಕೊಳ್ಳುವುದು ಕಷ್ಟ. ಬುಡ ಒದ್ದೆಯಾಗಿದ್ದರೂ ಮಧ್ಯಾಹ್ನ ಗಿಡ ಬಾಡುತ್ತದೆ. ಇದನ್ನು ಕಂಡು ಇನ್ನಷ್ಟು ಉಪ್ಪು ನೀರು ಹಾಕುವುದು ಸಾಮಾನ್ಯ.

ಎರಡನೆಯದು, ವಿಷ. ಗಿಡ ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತದೆ. ನೀರಿನೊಡನೆ ಬಂದ ಸೋಡಿಯಂ ಮತ್ತು ಕ್ಲೋರೈಡ್ ಎಲೆಯಲ್ಲೇ ಉಳಿಯುತ್ತವೆ. ಹಳೆಯ ಎಲೆಯ ತುದಿಯಿಂದ ಆರಂಭಿಸಿ ಅಂಚಿನಗುಂಟ ಕಂದುಬಣ್ಣದ ಸುಟ್ಟ ಗುರುತು ಕಾಣುತ್ತದೆ. ಆಮೇಲೆ ಎಲೆ ಉದುರುತ್ತದೆ.

ಮೂರನೆಯದು, ಹಸಿವು. ಸೋಡಿಯಂ ಮತ್ತು ಪೊಟ್ಯಾಷಿಯಂ ಗುಣದಲ್ಲಿ ದಾಯಾದಿಗಳಂತೆ. ಬೇರಿನ ಬಾಗಿಲಲ್ಲಿ ಸೋಡಿಯಂ ಗುಂಪು ಕಟ್ಟಿ ನಿಂತರೆ ಪೊಟ್ಯಾಷಿಯಂಗೆ ಒಳಗೆ ಹೋಗಲು ಎಡೆ ಸಿಗುವುದಿಲ್ಲ. ಸುಣ್ಣದ ಅಂಶವಾದ ಕ್ಯಾಲ್ಸಿಯಂಗೂ ಇದೇ ಅವಸ್ಥೆ. ಕ್ಲೋರೈಡ್ ಹೆಚ್ಚಾದರೆ ನೈಟ್ರೇಟ್ ರೂಪದ ಸಾರಜನಕ ಕಡಿಮೆ ಸೇರುತ್ತದೆ. ಮಣ್ಣಿಗೆ ಗೊಬ್ಬರ ಹಾಕಿದ್ದರೂ ಗಿಡ ಹಸಿದಿರುತ್ತದೆ. ಪೊಟ್ಯಾಷಿಯಂ ಸಾಲದಾದರೆ ಎಲೆಯ ರಂಧ್ರಗಳು ಸರಿಯಾಗಿ ತೆರೆದು ಮುಚ್ಚಲಾರವು. ಹೊಸ ಚಿಗುರು ಗಿಡ್ಡ, ಮೊಗ್ಗು ಸಣ್ಣ, ತೊಟ್ಟು ಬಲಹೀನ.

ಎಲೆಯ ಮೇಲಿನ ಸಿಂಪರಣೆ ನೇರವಾಗಿ ಸಹಾಯ ಮಾಡುವುದು ಈ ಮೂರನೆಯದಕ್ಕೆ. ಬೇರಿನ ಬಾಗಿಲು ಕಟ್ಟಿಹೋಗಿರುವಾಗ ಎಲೆಯ ಬಾಗಿಲಿನಿಂದ ಆಹಾರ ಕೊಡುವ ಉಪಾಯ ಇದು. ಮೊದಲನೆಯದಕ್ಕೆ ಅಲ್ಪಸ್ವಲ್ಪ. ಎಲೆಯಲ್ಲಿ ಆಗಲೇ ತುಂಬಿದ ಕ್ಲೋರೈಡನ್ನು ಮಾತ್ರ ಯಾವ ಸಿಂಪರಣೆಯೂ ಹೊರಕ್ಕೆ ತೆಗೆಯಲಾರದು. ಸುಟ್ಟ ಅಂಚು ಮತ್ತೆ ಹಸುರಾಗುವುದಿಲ್ಲ.

ಒಂದು ಸಣ್ಣ ಲೆಕ್ಕ

ಒಂದು ಮಲ್ಲಿಗೆ ಗಿಡಕ್ಕೆ ದಿನಕ್ಕೆ 10 ಲೀಟರ್ ನೀರು ಹಾಕುತ್ತೀರಿ, ಆ ನೀರಿನ ಉಪ್ಪು 2 ಡೆಸಿಸೀಮನ್ಸ್ ಎಂದುಕೊಳ್ಳಿ. ಲೀಟರಿಗೆ ಸುಮಾರು 1.28 ಗ್ರಾಂ ಲವಣ. ದಿನಕ್ಕೆ 12.8 ಗ್ರಾಂ, ತಿಂಗಳಿಗೆ 384 ಗ್ರಾಂ. ಅಷ್ಟು ಉಪ್ಪನ್ನು ಪ್ರತಿ ತಿಂಗಳೂ ಗಿಡದ ಬುಡಕ್ಕೆ ಸುರಿದಂತಾಯಿತು.

ಇನ್ನು ಸಿಂಪರಣೆಯ ಕಡೆ ನೋಡೋಣ. ಲೀಟರಿಗೆ 10 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಕರಗಿಸಿ ಗಿಡಕ್ಕೆ ಅರ್ಧ ಲೀಟರ್ ಹೊಡೆದರೆ, ಅದರಲ್ಲಿರುವ ಪೊಟ್ಯಾಷಿಯಂ 2 ಗ್ರಾಂಗಿಂತ ಸ್ವಲ್ಪ ಕಡಿಮೆ. ಅದರಲ್ಲೂ ಒಂದು ಪಾಲು ನೆಲಕ್ಕೆ ತೊಟ್ಟಿಕ್ಕುತ್ತದೆ. ಬುಡಕ್ಕೆ 384 ಗ್ರಾಂ ಉಪ್ಪು, ಎಲೆಗೆ ಒಂದೆರಡು ಗ್ರಾಂ ಆಹಾರ. ಇವೆರಡನ್ನೂ ತಕ್ಕಡಿಯಲ್ಲಿಟ್ಟರೆ ಸಿಂಪರಣೆ ಉಪ್ಪನ್ನು ಗೆಲ್ಲುತ್ತದೆಂದು ಯಾರೂ ಹೇಳಲಾರರು.

ಹಾಗಾದರೆ ಅದು ವ್ಯರ್ಥವೇ? ಅಲ್ಲ. ಗಿಡದ ಎಲೆಗಳನ್ನೆಲ್ಲ ಒಣಗಿಸಿ ತೂಗಿದರೆ 300 ಗ್ರಾಂ ಇದೆಯೆಂದೂ, ಅದರಲ್ಲಿ ಪೊಟ್ಯಾಷಿಯಂ ನೂರಕ್ಕೆ ಎರಡರಷ್ಟು ಇರಬೇಕೆಂದೂ ಇಟ್ಟುಕೊಂಡರೆ, ಆ ಎಲೆಗಳಿಗೆಲ್ಲ ಸೇರಿ ಬೇಕಾದದ್ದು 6 ಗ್ರಾಂ. ಇದರ ಮುಂದೆ ಒಂದು ಗ್ರಾಂ ಸಣ್ಣದಲ್ಲ. ಹಸಿದ ಎಲೆ ಕೆಲಸ ನಿಲ್ಲಿಸದಂತೆ ಮೂರು ತಿಂಗಳು ಕೈಹಿಡಿದು ನಡೆಸಲು ಸಿಂಪರಣೆ ಸಾಕು. ಅಷ್ಟರಲ್ಲಿ ಮಳೆಗಾಲ ಬರುತ್ತದೆ. ಆದರೆ ಬುಡದ ಉಪ್ಪನ್ನು ಕಡಿಮೆ ಮಾಡುವ ಕೆಲಸ ಜೊತೆಯಲ್ಲೇ ನಡೆಯಬೇಕು.

ಮೊದಲು ಬುಡದ ಕೆಲಸ

ಇದ್ದ ಸಿಹಿ ನೀರನ್ನು ಉಪ್ಪು ನೀರಿನೊಡನೆ ಬೆರೆಸುವುದು ಎಲ್ಲಕ್ಕಿಂತ ಸುಲಭದ ದಾರಿ. 3 ಡೆಸಿಸೀಮನ್ಸ್‌ನ ಬಾವಿ ನೀರಿಗೆ ಸಮಸಮ ಕೆರೆಯ ಸಿಹಿ ನೀರು ಬೆರೆತರೆ ಸುಮಾರು 1.6ಕ್ಕೆ ಇಳಿಯುತ್ತದೆ. ಸಿಹಿ ನೀರು ಅಷ್ಟಿಲ್ಲವೆಂದಾದರೆ, ಅದನ್ನು ಸವರುವಿಕೆಯ ನಂತರ ಚಿಗುರು ಬರುವ ದಿನಗಳಿಗೆ ಮೀಸಲಿಡಿ. ಎಳೆಯ ಚಿಗುರಿಗೆ ಉಪ್ಪು ತಟ್ಟಿದಷ್ಟು ಬಲಿತ ಗಿಡಕ್ಕೆ ತಟ್ಟುವುದಿಲ್ಲ.

ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಅಥವಾ ಸೋಗೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಬೇಕು. ನೆಲದಿಂದ ನೀರು ಆವಿಯಾಗಿ ಹೋದಂತೆಲ್ಲ ಉಪ್ಪು ಮೇಲ್ಪದರಕ್ಕೆ ಏರುತ್ತದೆ. ಹೊದಿಕೆ ಅದನ್ನು ತಡೆಯುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಉಪ್ಪು ಬೇರಿನ ಬಳಿಯೇ ನಿಲ್ಲುತ್ತದೆ. ಹಾಕುವಾಗ ಬೇಕಾದ್ದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ಹಾಕಿ ಉಪ್ಪನ್ನು ಬೇರಿನ ಕೆಳಕ್ಕೆ ಇಳಿಸುವುದು ಒಳ್ಳೆಯದು. ನಮ್ಮ ಮರಳು ಮಿಶ್ರಿತ ಮಣ್ಣಿನಲ್ಲಿ ಇದು ಸುಲಭ. ಬೈಲಿನಲ್ಲಿ ನೀರು ನಿಲ್ಲುವ ಜಾಗವಿದ್ದರೆ ಗಿಡವನ್ನು ಏರಿಯ ಮೇಲೆ ನೆಟ್ಟಿರಬೇಕು.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ. ಪೊಟ್ಯಾಷ್ ಎಂದು ನಾವು ಸಾಮಾನ್ಯವಾಗಿ ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಅರ್ಧದಷ್ಟು ಕ್ಲೋರೈಡೇ ಇದೆ. ತೆಂಗಿಗೆ ಅದು ಹಿತ. ಉಪ್ಪು ನೀರಿನ ಮಲ್ಲಿಗೆಗೆ ಅಹಿತ. ಬಾವಿ ನೀರು ಉಪ್ಪಾಗುವ ಜಾಗದಲ್ಲಿ ಅದರ ಬದಲಿಗೆ ಸಲ್ಫೇಟ್ ಆಫ್ ಪೊಟ್ಯಾಷ್ ಬಳಸಬೇಕು. ಬೆಲೆ ಹೆಚ್ಚು, ನಿಜ. ಆದರೆ ಹೂಗಿಡಗಳಿಗೆ ಬೇಕಾಗುವ ಪ್ರಮಾಣ ಕಡಿಮೆ.

ಜಿಪ್ಸಂ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಗಂಗಾವತಿ ಸಿಂಧನೂರುಗಳ ಕಡೆಯ ಕಪ್ಪು ಮಣ್ಣಿನಲ್ಲಿ ಸವಳು ಮತ್ತು ಕ್ಷಾರ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಬಂದಿವೆ. ಅಲ್ಲಿಯ ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು. ನಮ್ಮ ಕರಾವಳಿಯ ಹಗುರ ಮಣ್ಣು ಹುಳಿಯದ್ದು. ಬೇಸಿಗೆಯಲ್ಲಿ ಸೇರಿದ ಉಪ್ಪನ್ನು ಮುಂಗಾರು ತೊಳೆದು ಒಯ್ಯುತ್ತದೆ. ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಿದರೆ ಹುಳಿಯೂ ಕಡಿಮೆಯಾಗಿ, ಬೇರಿಗೆ ಕ್ಯಾಲ್ಸಿಯಂ ಕೂಡ ಒದಗುತ್ತದೆ. ಅಲ್ಲಿಯ ಸಲಹೆಯನ್ನು ಓದಿ ಇಲ್ಲಿ ಜಿಪ್ಸಂ ತರಿಸುವ ಅಗತ್ಯವಿಲ್ಲ.

ಸಿಂಪರಣೆಗೆ ನೀರು ಎಲ್ಲಿಯದು?

ಇಲ್ಲಿಯೇ ಬಹಳ ಮಂದಿ ಎಡವುವುದು. ಲೀಟರಿಗೆ 10 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಕರಗಿಸಿದ ದ್ರಾವಣವೇ ಸ್ವತಃ ಒಂದು ಲವಣದ ನೀರು. ಸಿಹಿ ನೀರಿನಲ್ಲಿ ಕದಡಿದಾಗ ಎಲೆ ಅದನ್ನು ತಾಳಿಕೊಳ್ಳುತ್ತದೆ. ಉಪ್ಪಾದ ಬಾವಿ ನೀರಿನಲ್ಲೇ ಕದಡಿ ಹೊಡೆದರೆ, ಯಾವ ಕ್ಲೋರೈಡಿನಿಂದ ಎಲೆಯನ್ನು ಕಾಪಾಡಬೇಕಾಗಿತ್ತೋ ಅದನ್ನೇ ಎಲೆಯ ಮೇಲೆ ಬಳಿದಂತಾಗುತ್ತದೆ. ಹನಿ ಒಣಗಿದಂತೆ ಉಪ್ಪು ಇನ್ನೂ ಗಟ್ಟಿಯಾಗುತ್ತದೆ.

ಸಿಂಪರಣೆಗೆ ಮಳೆ ನೀರು ಶ್ರೇಷ್ಠ. ಬೇಕಾಗುವುದೂ ಸ್ವಲ್ಪವೇ. 50 ಮಲ್ಲಿಗೆ ಗಿಡಗಳಿಗೆ ತಲಾ ಅರ್ಧ ಲೀಟರಿನಂತೆ ಒಂದು ಸಲಕ್ಕೆ 25 ಲೀಟರ್. ಫೆಬ್ರವರಿ ಆರಂಭದಿಂದ ಮೇ ಆರಂಭದವರೆಗೆ ಹದಿನೈದು ದಿನಕ್ಕೊಮ್ಮೆ ಎಂದರೆ ಏಳು ಸಲ. ಒಟ್ಟು 175 ಲೀಟರ್. 200 ಲೀಟರಿನ ಒಂದು ಡ್ರಮ್ಮು ಇಡೀ ಬೇಸಿಗೆಗೆ ಸಾಕು. 10 ಚದರ ಮೀಟರ್ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಡ್ರಮ್ಮು ತುಂಬುತ್ತದೆ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನ ಒಂದು ಒಳ್ಳೆಯ ಮಳೆಯಲ್ಲಿ, ಮಾಡಿನ ಧೂಳು ತೊಳೆದು ಹೋದ ಮೇಲೆ ದಂಬೆಯಿಂದ ಬಿದ್ದ ನೀರನ್ನು ಬಟ್ಟೆಯಲ್ಲಿ ಸೋಸಿ ಹಿಡಿಯಬೇಕು. ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಮೇಲೆ ಮುಚ್ಚಳವಿಟ್ಟು ನೆರಳಿನಲ್ಲಿಟ್ಟರೆ ಸೊಳ್ಳೆಯೂ ಬಾರದು, ಪಾಚಿಯೂ ಕಟ್ಟದು. ಹಿಡಿದಿಡಲು ಆಗದಿದ್ದವರು ಕಡಲಿನಿಂದ ದೂರದ, ಎತ್ತರದ ಬೆಟ್ಟಿನ ಬಾವಿಯಿಂದ ಎರಡು ಕೊಡ ನೀರು ತಂದರೂ ಕೆಲಸ ನಡೆಯುತ್ತದೆ.

ಏನನ್ನು, ಎಷ್ಟು, ಯಾವಾಗ?

ಮುಖ್ಯವಾದವು ಎರಡು. ಪೊಟ್ಯಾಷಿಯಂ ನೈಟ್ರೇಟ್, ಅಂಗಡಿಯಲ್ಲಿ 13:0:45 ಎಂಬ ಹೆಸರಿನಲ್ಲಿ ಸಿಗುವುದು. ಮತ್ತು ನೀರಿನಲ್ಲಿ ಪೂರ್ಣ ಕರಗುವ ಕ್ಯಾಲ್ಸಿಯಂ ನೈಟ್ರೇಟ್. ಮೊದಲ ಸಲ ಪೊಟ್ಯಾಷಿಯಂ ನೈಟ್ರೇಟನ್ನು ಲೀಟರಿಗೆ 5 ಗ್ರಾಂನಂತೆ ಹೊಡೆದು ನೋಡಬೇಕು. ಎಲೆ ಸುಡದಿದ್ದರೆ ಮುಂದಿನ ಸಲಗಳಲ್ಲಿ 10 ಗ್ರಾಂಗೆ ಏರಿಸಬಹುದು; ಅದಕ್ಕೂ ಮೇಲೆ ಬೇಡ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 5 ಗ್ರಾಂ. ಒಂದು ಪಕ್ಷ ಅದು, ಮುಂದಿನ ಪಕ್ಷ ಇದು, ಹೀಗೆ ಸರದಿಯಂತೆ ಕೊಡುವುದು. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಇರುವ ಯಾವ ಗೊಬ್ಬರದೊಡನೆಯೂ ಒಂದೇ ಪಾತ್ರೆಯಲ್ಲಿ ಬೆರೆಸಕೂಡದು. ಬೆರೆಸಿದರೆ ಬಿಳಿಯ ಗಷ್ಟು ಕೂತು ಪಂಪಿನ ನಾಜಲ್ ಕಟ್ಟಿಕೊಳ್ಳುತ್ತದೆ.

ಎಳೆಯ ಎಲೆಗಳಲ್ಲಿ ನರ ಹಸುರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಉಪ್ಪಿನ ಗುರುತಲ್ಲ. ಕಬ್ಬಿಣ, ಸತು ಮುಂತಾದ ಸೂಕ್ಷ್ಮ ಪೋಷಕಾಂಶಗಳ ಕೊರತೆ ಇರಬಹುದು. ಅದಕ್ಕೆ ಲೀಟರಿಗೆ ಸತುವಿನ ಸಲ್ಫೇಟ್ 2.5 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 5 ಗ್ರಾಂ, ಕಬ್ಬಿಣದ ಸಲ್ಫೇಟ್ 5 ಗ್ರಾಂ ಸೇರಿಸಿ ಬೇರೆ ದಿನ ಹೊಡೆಯಬೇಕು. ಗಿಡ ಇಡಿಯಾಗಿ ಸೊರಗಿದ್ದರೆ ಒಂದು ಬೇರನ್ನು ಕಿತ್ತು ನೋಡಿ. ಗಂಟುಗಳಿದ್ದರೆ ಜಂತುಹುಳುವಿನ ಬಾಧೆ. ಕೊಳೆತಿದ್ದರೆ ಬೇರುಕೊಳೆ ರೋಗ. ಇವೆರಡಕ್ಕೂ ಎಲೆಯ ಸಿಂಪರಣೆಯಿಂದ ಏನೂ ಆಗದು.

ಕಡಲ ಪಾಚಿಯ ಸಾರವೂ ಈಗ ಎಲ್ಲೆಡೆ ಸಿಗುತ್ತದೆ. ತಮಿಳುನಾಡಿನ ಮಂಡಪಂ ಕಡೆಯ ಕಡಲಲ್ಲಿ ಬೆಳೆಸುವ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯಿಂದ ರಸ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ರೂಪಿಸಿತು. ಲೀಟರಿಗೆ 2ರಿಂದ 3 ಮಿಲಿಲೀಟರ್ ಬೆರೆಸಿ ತಿಂಗಳಿಗೊಮ್ಮೆ ಹೊಡೆಯಬಹುದು. ಪೊಟ್ಯಾಷಿಯಂ ಸ್ವಲ್ಪ, ಬೆಳವಣಿಗೆಯನ್ನು ಪ್ರಚೋದಿಸುವ ವಸ್ತುಗಳು ಸ್ವಲ್ಪ ಇವೆ. ಉಪಕಾರಿಯೇ, ಆದರೆ ಮೇಲಿನ ಎರಡಕ್ಕೆ ಬದಲಿಯಲ್ಲ.

ಸ್ಯಾಲಿಸಿಲಿಕ್ ಆಮ್ಲದ ವಿಷಯ ಬೇರೆ. ಇದು ಆಹಾರವಲ್ಲ. ಗಿಡ ಕಷ್ಟಕ್ಕೆ ಸಿಕ್ಕಾಗ ತನ್ನೊಳಗೆ ತಾನೇ ತಯಾರಿಸಿಕೊಳ್ಳುವ ಒಂದು ಸೂಚಕ ವಸ್ತು. ಅದನ್ನು ಹೊರಗಿನಿಂದ ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಗಿಡ ಮುಂಚಿತವಾಗಿ ಸಜ್ಜಾಗುತ್ತದೆ. ಕುಂಡಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಹಲವು ಹೂಗಿಡಗಳಿಗೆ ಇದರಿಂದ ಒಳಿತಾಗಿದೆ. ತೋಟದಲ್ಲಿ ಫಲಿತಾಂಶ ಅಷ್ಟು ಸ್ಥಿರವಾಗಿಲ್ಲವೆಂಬುದು ನನ್ನ ಅಭಿಪ್ರಾಯ; ಆದ್ದರಿಂದ ಐದಾರು ಗಿಡಗಳಿಗೆ ಮಾತ್ರ ಹೊಡೆದು, ಪಕ್ಕದ ಐದಾರು ಗಿಡ ಬಿಟ್ಟು, ಹೂ ಎಣಿಸಿ ನೋಡಿದ ಮೇಲೆ ಮುಂದುವರಿಯುವುದು ಲೇಸು. ಪ್ರಮಾಣ 10 ಲೀಟರಿಗೆ 1 ಗ್ರಾಂ. ತಣ್ಣೀರಿನಲ್ಲಿ ಬೇಗ ಕರಗದ ಕಾರಣ ಮೊದಲು ಒಂದು ಚೊಂಬು ಬಿಸಿನೀರಿನಲ್ಲಿ ಕದಡಿ, ಆರಿದ ಮೇಲೆ ಉಳಿದ ನೀರಿಗೆ ಸೇರಿಸಬೇಕು. ಹೆಚ್ಚು ಹಾಕಿದರೆ ಹೆಚ್ಚು ಲಾಭವೆಂಬ ಎಣಿಕೆ ಇಲ್ಲಿ ನಡೆಯದು. ಪ್ರಮಾಣ ಮೀರಿದರೆ ಬೆಳವಣಿಗೆಯೇ ನಿಲ್ಲುತ್ತದೆ.

ಎಲೆಯ ಮೇಲೆ ಮೇಣದಂಥ ಪೊರೆ ಇದೆ. ಹನಿ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಪೋಷಕಾಂಶ ಒಳಗೆ ಇಳಿಯುತ್ತದೆ. ಆದ್ದರಿಂದ ಸಂಜೆ ನಾಲ್ಕೂವರೆಯ ನಂತರ, ಗಾಳಿ ಕಡಿಮೆಯಿದ್ದಾಗ ಹೊಡೆಯುವುದು ಸರಿ. ಬಿಸಿಲಿನಲ್ಲಿ ಹೊಡೆದರೆ ಹನಿ ಆರಿ ಲವಣ ಹರಳುಗಟ್ಟಿ ಎಲೆ ಸುಡುತ್ತದೆ. ಎಲೆಯ ಅಡಿಭಾಗದಲ್ಲಿ ಪೊರೆ ತೆಳು, ರಂಧ್ರಗಳೂ ಹೆಚ್ಚು. ನಾಜಲನ್ನು ಕೆಳಗಿನಿಂದ ಮೇಲಕ್ಕೆ ಹಿಡಿದು ಮಂಜಿನಂತೆ ಹೊಡೆಯಬೇಕು. ನೀರಿಳಿಯುವಷ್ಟು ಹೊಡೆಯುವುದು ವ್ಯರ್ಥ. ದ್ರಾವಣ ಎಲೆಯ ಮೇಲೆ ಹರಡಿ ನಿಲ್ಲಲು ಲೀಟರಿಗೆ ಅರ್ಧ ಮಿಲಿಲೀಟರ್ ಅಂಟು ದ್ರಾವಣ ಸೇರಿಸಬಹುದು. ಕಳೆನಾಶಕಕ್ಕೆ ಬಳಸಿದ ಪಂಪನ್ನು ಮಾತ್ರ ಈ ಕೆಲಸಕ್ಕೆ ತರಲೇಬೇಡಿ.

ಹೊಸದಾಗಿ ಆರಂಭಿಸುವವರು ಮೊದಲು ಒಂದೇ ಗಿಡಕ್ಕೆ ಹೊಡೆದು ಮೂರು ದಿನ ಕಾಯಬೇಕು.

ಮಲ್ಲಿಗೆ

ನಮ್ಮ ಕಡೆಯ ಮಲ್ಲಿಗೆಯಲ್ಲಿ ಕಟಪಾಡಿ ಬಳಿಯ ಶಂಕರಪುರದ ಮಲ್ಲಿಗೆಗೂ ಬಡಗಿನ ಭಟ್ಕಳದ ಮಲ್ಲಿಗೆಗೂ ಬೇಡಿಕೆ ಹೆಚ್ಚು. ಶಂಕರಪುರದ್ದು ಅಟ್ಟೆಯ ಲೆಕ್ಕದಲ್ಲಿ ಮಾರಾಟ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವನ್ನು ಎಣಿಸಿಯೇ ಮಾರುವ ಬೆಳೆಯಲ್ಲಿ ಉಪ್ಪಿನ ನಷ್ಟವೂ ಎಣಿಕೆಗೆ ಸಿಗುತ್ತದೆ. ಹತ್ತಿಪ್ಪತ್ತು ಗಿಡಗಳನ್ನಿಟ್ಟುಕೊಂಡು ಮನೆಯ ಖರ್ಚನ್ನು ಅದರಲ್ಲೇ ತೂಗಿಸುವ ಹೆಂಗಸರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು.

ನವೆಂಬರ್ ಕೊನೆಗೆ ಸವರಿದ ಗಿಡ ಮಾರ್ಚ್‌ನಿಂದ ತುಂಬಿ ಹೂ ಕೊಡುತ್ತದೆ. ಉಪ್ಪು ಬಂದ ಮೇಲೆ ಸಿಂಪರಣೆಗೆ ತೊಡಗುವುದು ತಡವಾದಂತೆ. ಜನವರಿ ಕೊನೆಗೆ, ಚಿಗುರೆಲೆ ಬಲಿಯುವಾಗಲೇ ತಯಾರಿ ಮಾಡಿಕೊಂಡು, ಫೆಬ್ರವರಿ ಆರಂಭದಲ್ಲಿ ಮೊದಲ ಸಿಂಪರಣೆ ಕೊಡಬೇಕು. ಎಳೆಯ, ಆರೋಗ್ಯವಾದ ಎಲೆ ಹೀರುವಷ್ಟು ಕಂದಿದ ಎಲೆ ಹೀರಲಾರದು. ಮೊಗ್ಗು ಕೊಯ್ಯುವುದು ಬೆಳಗಿನ ಜಾವ. ಹಿಂದಿನ ಸಂಜೆ ಹೊಡೆದ ದ್ರಾವಣ ಮೊಗ್ಗಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಹೂ ಒಂದೇ ಸಮನೆ ಬಾರದೆ ಅಲೆ ಅಲೆಯಾಗಿ ಬರುವುದರಿಂದ, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಹೊಡೆದರಾಯಿತು. ದೇವರಿಗೂ ಮುಡಿಗೂ ಹೋಗುವ ಹೂವು. ಇಷ್ಟು ಎಚ್ಚರ ಅವಶ್ಯ.

ಹೆಮ್ಮಾಡಿ ಸೇವಂತಿಗೆ

ಕುಂದಾಪುರ ತಾಲ್ಲೂಕಿನ ಹೆಮ್ಮಾಡಿಯ ಸೇವಂತಿಗೆಯ ಕಥೆ ಬೇರೆ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಹೂ ಒದಗಿಸುವುದೇ ಆ ಬೆಳೆಯ ಗುರಿ. ಜನವರಿಯಲ್ಲಿ ನೀರು ಇನ್ನೂ ಅಷ್ಟು ಕೆಟ್ಟಿರುವುದಿಲ್ಲ. ಮುಖ್ಯ ಕೊಯ್ಲು ಉಪ್ಪಿನ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ಹೊಳೆಯ ಅಂಚಿನ ಗದ್ದೆಗಳಲ್ಲಿ ಮಳೆ ಬೇಗ ಕೈಕೊಟ್ಟ ವರ್ಷ ಡಿಸೆಂಬರ್‌ನಲ್ಲೇ ಒಮ್ಮೆ ನೀರು ಪರೀಕ್ಷಿಸುವುದು ಒಳ್ಳೆಯದು. ಸಿಂಪರಣೆ ಬೇಕೆನಿಸಿದರೆ ಮೊಗ್ಗು ಬಣ್ಣ ತೋರಿಸುವವರೆಗೆ ಮಾತ್ರ. ಆಮೇಲೆ ಹೊಡೆದರೆ ಎಸಳಿನ ಮೇಲೆ ಚುಕ್ಕೆ ಬಿದ್ದು ಬೆಲೆ ಹೋಗುತ್ತದೆ.

ಈ ಬೆಳೆಯಲ್ಲಿ ಕಣ್ಣಿಗೆ ಬೀಳದ ನಷ್ಟ ಕಂದುಗಳದ್ದು. ಹೂ ಕೊಯ್ದಾದ ಮೇಲೆ ಮುಂದಿನ ವರ್ಷದ ಕಂದಿಗಾಗಿ ಉಳಿಸಿದ ತಾಯಿಗಿಡಗಳು ಇಡೀ ಬೇಸಿಗೆ ಅದೇ ಬಾವಿಯ ನೀರನ್ನು ಕುಡಿಯುತ್ತವೆ. ಕೊಯ್ಲು ಮುಗಿದಿದ್ದರಿಂದ ಅವುಗಳ ಕಡೆ ಯಾರ ಗಮನವೂ ಇರುವುದಿಲ್ಲ. ಉಪ್ಪು ತಿಂದು ಸೊರಗಿದ ತಾಯಿಯಿಂದ ಬಂದ ಕಂದು ಬಲಹೀನವಾಗಿದ್ದು, ನೆಟ್ಟ ಮೇಲೆ ಹುಸಿ ಹೋಗುವುದು ಹೆಚ್ಚು. ತಾಯಿಗಿಡಗಳನ್ನು ಸಿಹಿ ನೀರಿರುವ ಕಡೆ ಒಂದು ಚಿಕ್ಕ ಮಡಿಗೆ, ಅರೆನೆರಳಿಗೆ ಸಾಗಿಸಿ. ಅಲ್ಲಿ ತಿಂಗಳಿಗೊಮ್ಮೆ ಲೀಟರಿಗೆ 5 ಗ್ರಾಂನಂತೆ ಎರಡೂ ನೈಟ್ರೇಟ್‌ಗಳನ್ನು ಸರದಿಯಲ್ಲಿ ಕೊಟ್ಟರೆ ಸಾಕು.

ಅಂಗಳದ ಗಿಡಗಳು, ಕುಂಡದ ಗಿಡಗಳು

ಎಲ್ಲ ಗಿಡಗಳೂ ಉಪ್ಪಿಗೆ ಒಂದೇ ಸಮನೆ ಅಂಜುವುದಿಲ್ಲ. ಕಾಗದದ ಹೂವಿನ ಬಳ್ಳಿ (ಬೋಗನ್‌ವಿಲ್ಲಾ) ಬಹಳ ಗಟ್ಟಿ, ಕಣಗಿಲೆಯೂ ಹಾಗೆಯೇ. ಕಣಗಿಲೆಯ ಎಲೆ ದನಕರುಗಳಿಗೆ ವಿಷವೆಂಬುದನ್ನು ಮರೆಯದೆ ಹಟ್ಟಿಯಿಂದ ದೂರ ನೆಡಬೇಕು. ದಾಸವಾಳ ಉಪ್ಪನ್ನು ಅಷ್ಟಾಗಿ ತಾಳದು. ಗುಲಾಬಿಯಂತೂ ಅತಿ ಸೂಕ್ಷ್ಮ. ಬಾವಿ ಉಪ್ಪಾಗುವ ಮನೆಯಲ್ಲಿ ಗುಲಾಬಿಗಾಗಿ ಹಣ ಸುರಿಯುವುದಕ್ಕಿಂತ ಅದನ್ನು ಬಿಟ್ಟುಬಿಡುವುದೇ ಮೇಲೆಂದು ನಾನು ಹೇಳುತ್ತೇನೆ. ಪಡುವರಿಯ ಸೋಮೇಶ್ವರ ಕಡಲ ತೀರದಂತಹ ಕಡೆ, ಗಾಳಿಯೊಡನೆ ಹಾರಿಬರುವ ಉಪ್ಪಿನ ತುಂತುರು ಎಲೆಗೆ ನೇರವಾಗಿ ಅಂಟುತ್ತದೆ. ಅಲ್ಲಿ ಪಡುದಿಕ್ಕಿಗೆ ಗಟ್ಟಿ ಗಿಡಗಳ ಬೇಲಿ ಎಬ್ಬಿಸಿ, ಒಳಗೆ ಸೂಕ್ಷ್ಮ ಗಿಡಗಳನ್ನಿಡಬೇಕು. ವಾರಕ್ಕೊಮ್ಮೆ ಸಿಹಿ ನೀರಿನಿಂದ ಎಲೆ ತೊಳೆಯುವುದು ಅಲ್ಲಿಯ ಮಟ್ಟಿಗೆ ಎಲ್ಲ ಸಿಂಪರಣೆಗಿಂತ ಮಿಗಿಲು.

ಕುಂಡದ ಗಿಡಗಳಿಗೆ ಇನ್ನೊಂದು ತೊಂದರೆ. ಜಗಲಿಯಲ್ಲಿ, ಮಾಡಿನ ಅಡಿಯಲ್ಲಿ ಇಟ್ಟ ಕುಂಡಕ್ಕೆ ಮಳೆ ತಾಗುವುದೇ ಇಲ್ಲ. ತೋಟದ ಮಣ್ಣಿನ ಉಪ್ಪನ್ನು ಮುಂಗಾರು ತೊಳೆದರೂ ಕುಂಡದ್ದು ವರ್ಷಗಟ್ಟಲೆ ಕೂಡುತ್ತದೆ. ಮಣ್ಣಿನ ಮೇಲೆ, ಕುಂಡದ ಹೊರಮೈಯಲ್ಲಿ ಬಿಳಿಯ ಹಿಟ್ಟಿನಂಥ ಪೊರೆ ಕಂಡರೆ ಸಿಂಪರಣೆಯ ಯೋಚನೆ ಬಿಟ್ಟು ಮೊದಲು ಕುಂಡವನ್ನು ತೊಳೆಯಿರಿ. ಕುಂಡದಲ್ಲಿರುವ ಮಣ್ಣಿನ ಎರಡು ಪಟ್ಟು ಸಿಹಿ ನೀರನ್ನು ನಿಧಾನವಾಗಿ ಮೇಲಿನಿಂದ ಹಾಕಿ ಕೆಳಗಿನ ತೂತಿನಿಂದ ಪೂರ್ತಿ ಹರಿದು ಹೋಗಲು ಬಿಡಬೇಕು. ಅಡಿಯ ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಬೇಕು, ಇಲ್ಲವಾದರೆ ಉಪ್ಪು ಮರಳಿ ಮೇಲೇರುತ್ತದೆ. ಜೂನ್ ತಿಂಗಳಲ್ಲಿ ಒಂದು ವಾರ ಕುಂಡಗಳನ್ನು ಅಂಗಳಕ್ಕೆ ತಂದಿಟ್ಟರೆ ಖರ್ಚಿಲ್ಲದೆ ಈ ಕೆಲಸ ಆಗುತ್ತದೆ.

ಮಳೆ ಬಂದ ಮೇಲೆ

ಮೇ ತಿಂಗಳಿನ ಒಂದೆರಡು ಗುಡುಗು ಮಳೆಯನ್ನು ಕಂಡು ಸಿಂಪರಣೆಯನ್ನೂ ಸಿಹಿ ನೀರಿನ ಮಿತವ್ಯಯವನ್ನೂ ಬಿಡಬಾರದು. ಸಣ್ಣ ಮಳೆ ಮೇಲ್ಪದರದ ಉಪ್ಪನ್ನು ಕರಗಿಸಿ ಬೇರಿನ ಬಳಿಗೆ ಇಳಿಸಿ ಅಲ್ಲೇ ಬಿಡುತ್ತದೆ. ಮಳೆಯ ಮರುದಿನ ಗಿಡ ಇನ್ನಷ್ಟು ಬಾಡಿದಂತೆ ಕಾಣುವುದಕ್ಕೆ ಇದೇ ಕಾರಣ. ಅಂಥ ದಿನ ಬುಡಕ್ಕೆ ಇನ್ನೊಂದಿಷ್ಟು ನೀರು ಹಾಕಿ ಆ ಉಪ್ಪನ್ನು ಕೆಳಕ್ಕೆ ತಳ್ಳಬೇಕು. ಜೂನ್‌ನಲ್ಲಿ ಮುಂಗಾರು ನಿಂತು ಸುರಿಯತೊಡಗಿದ ಮೇಲೆ ಸಿಂಪರಣೆ ಬೇಕಿಲ್ಲ. ಅಷ್ಟರೊಳಗೆ ಗಿಡಗಳ ನಡುವಿನ ಕಣಿಗಳನ್ನು ಬಿಡಿಸಿ, ತೊಳೆದ ನೀರು ತೋಟದಲ್ಲಿ ನಿಲ್ಲದೆ ತೋಡಿಗೆ ಹರಿದುಹೋಗುವಂತೆ ಮಾಡಿರಬೇಕು. ಬುಡದ ಹೊದಿಕೆಯನ್ನು ಸ್ವಲ್ಪ ಸರಿಸಿ, ಹಟ್ಟಿಗೊಬ್ಬರವನ್ನೂ ನೆಲಗಡಲೆ ಹಿಂಡಿಯನ್ನೂ ಕೊಡುವುದು ಮೊದಲ ಎರಡು ವಾರದ ಜೋರು ಮಳೆ ಕಳೆದ ಮೇಲೆ. ಸಿಂಪರಣೆಯ ಖಾಲಿ ಡ್ರಮ್ಮನ್ನು ತೊಳೆದು ಬೋರಲು ಹಾಕಿಟ್ಟುಕೊಂಡಿದ್ದರೆ ಸೆಪ್ಟೆಂಬರ್‌ನಲ್ಲಿ ಮತ್ತೆ ದಂಬೆಯ ಕೆಳಗಿಡಬಹುದು.